ಬೆಟ್ಟದ ಮೆಟ್ಟಿಲಲ್ಲಿ ಎಚ್ಚರ ತಪ್ಪಿದ ಮಗಳು, ‘ನಾರ್ಮಲ್’ ಎಂದ ಎಕೋ: ಹೃದಯದ ರಕ್ತನಾಳಗಳು ಹುಟ್ಟುವ ಜಾಗವನ್ನು ಯಾರಾದರೂ ನೋಡಿದ್ದಾರೆಯೇ?

ಮದ್ದೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುವವನು. ನನ್ನ ಮಗಳಿಗೆ ಹದಿನಾರು ವರ್ಷ. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾಳೆ, 800 ಮೀಟರ್ ಓಡುತ್ತಾಳೆ. ಭಾನುವಾರ ಬೆಳಿಗ್ಗೆ ಗೆಳತಿಯರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತುವುದು ಅವಳ ರೂಢಿ. ಮೂರು ವಾರಗಳ ಹಿಂದೆ, ನಂದಿಗೆ ಇನ್ನು ಐವತ್ತು ಅರವತ್ತು ಮೆಟ್ಟಿಲು ಉಳಿದಿರುವಾಗ, ಎದೆಯ ನಡುವೆ ಹಿಂಡಿದಂತಾಗಿ ಕಣ್ಣು ಕತ್ತಲೆಗಟ್ಟಿ ಅಲ್ಲೇ ಕುಸಿದಳು. ಅರ್ಧ ನಿಮಿಷದೊಳಗೆ ಎಚ್ಚರವಾಯಿತಂತೆ. ಮೊಣಕಾಲು ತರಚಿದ್ದು ಬಿಟ್ಟರೆ ಬೇರೆ ಗಾಯವಾಗಲಿಲ್ಲ. ನಮಗೆ ವಿಷಯ ತಿಳಿಸಿದ್ದು ಮಾರನೆಯ ದಿನ ಸಂಜೆ.

ಮೊದಲು ತೋರಿಸಿದ ಕಡೆ, ಬೆಳಿಗ್ಗೆ ಏನೂ ತಿನ್ನದೆ ಓಡಿದ್ದರಿಂದ ಹಾಗಾಗಿದೆ, ಗ್ಯಾಸ್ಟ್ರಿಕ್ ಇರಬಹುದು ಎಂದು ಮಾತ್ರೆ ಕೊಟ್ಟು ಕಳುಹಿಸಿದರು. ಮನಸ್ಸು ಒಪ್ಪದೆ ಇನ್ನೊಂದು ಕಡೆ ಹೋದೆವು. ಅಲ್ಲಿ ಇಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಪರೀಕ್ಷೆ) ಮೂರನ್ನೂ ಮಾಡಿಸಿದರು. ಇಸಿಜಿ ಸರಿಯಾಗಿದೆ. ಟಿಎಂಟಿಯಲ್ಲಿ ಹನ್ನೆರಡು ನಿಮಿಷ ಓಡಿದಳು, ಏನೂ ಕಾಣಲಿಲ್ಲ. ಎಕೋ ವರದಿಯಲ್ಲಿ ನಾಲ್ಕು ಕವಾಟಗಳ ವಿಚಾರವಿದೆ, ಹೃದಯದ ಪಂಪಿಂಗ್ ಶೇ. 62 ಎಂದಿದೆ, ಕೊನೆಗೆ ‘ನಾರ್ಮಲ್ ಸ್ಟಡಿ’ ಎಂದು ಬರೆದಿದೆ. ಇನ್ನು ಓಡಬಹುದು ಎಂದು ಹೇಳಿ ಕಳುಹಿಸಿದ್ದಾರೆ. ಮುಂದಿನ ತಿಂಗಳು ಅವಳಿಗೆ ಜಿಲ್ಲಾ ಮಟ್ಟದ ಸ್ಪರ್ಧೆಯಿದೆ. ಮೂರು ಪರೀಕ್ಷೆಗಳೂ ಸರಿಯಾಗಿ ಬಂದ ಮೇಲೂ ನನಗೆ ಭಯ ಹೋಗಿಲ್ಲ. ಇನ್ನೂ ನೋಡಬೇಕಾದದ್ದು ಏನಾದರೂ ಉಳಿದಿದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ರೇಡಿಯಾಲಜಿ ವೈದ್ಯೆ, ಮೈಸೂರು

ಮೇಷ್ಟ್ರೇ, ಮೊದಲು ಒಂದು ಮಾತು: ಕಾರಣ ತಿಳಿಯುವವರೆಗೆ ಮಗಳು ಓಡುವುದು ಬೇಡ, ಬೆಟ್ಟ ಹತ್ತುವುದೂ ಬೇಡ. ಸ್ಪರ್ಧೆ ಮುಂದಿನ ವರ್ಷವೂ ಬರುತ್ತದೆ.

ಎಚ್ಚರ ತಪ್ಪುವುದರಲ್ಲಿ ನಾವು ಕೇಳುವ ಮೊದಲ ಪ್ರಶ್ನೆ, ಅದು ಓಡುತ್ತಿರುವಾಗಲೇ ಆಯಿತೇ ಅಥವಾ ಓಡಿ ನಿಂತ ಮೇಲೆ ಆಯಿತೇ ಎಂಬುದು. ಓಟ ಮುಗಿಸಿ ನಿಂತಾಗ ಕಾಲಿನ ಕಡೆ ರಕ್ತ ಇಳಿದು ತಲೆ ಸುತ್ತುವುದು ಸಾಮಾನ್ಯ, ಹೆಚ್ಚಿನ ಪಾಲು ಅಪಾಯವಿಲ್ಲದ್ದು. ಶ್ರಮದ ತುತ್ತತುದಿಯಲ್ಲಿ, ಅದೂ ಎದೆ ಹಿಂಡಿದ ಮೇಲೆ, ಹದಿನಾರರ ಹುಡುಗಿ ಕುಸಿದರೆ ಅದನ್ನು ಹೃದಯದ ತೊಂದರೆ ಎಂದೇ ಹಿಡಿದು, ಅಲ್ಲವೆಂದು ಸಾಬೀತಾಗುವವರೆಗೆ ಬೆನ್ನು ಹತ್ತಬೇಕು. ಹೃದಯ ಸ್ನಾಯು ದಪ್ಪಗಾಗುವ ಕಾಯಿಲೆ, ಹೃದಯದ ವಿದ್ಯುತ್ ಲಯದ ವಂಶಪಾರಂಪರ್ಯ ತೊಂದರೆಗಳು, ಇವುಗಳ ಜೊತೆಗೆ ಪಟ್ಟಿಯಲ್ಲಿ ಮೇಲೆಯೇ ಇರುವುದು ಕೊರೊನರಿ ಧಮನಿಗಳ, ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳ, ಹುಟ್ಟು ದೋಷ.

ನಿಮ್ಮ ವರದಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ‘ಕೊರೊನರಿ’ ಎಂಬ ಪದ ಎಲ್ಲಾದರೂ ಇದೆಯೇ?

ಮದ್ದೂರಿನ ಮೇಷ್ಟ್ರು

ಎರಡು ಸಲ ಓದಿದೆ. ಇಲ್ಲ.

ರೇಡಿಯಾಲಜಿ ವೈದ್ಯೆ, ಮೈಸೂರು

ಹಾಗಾದರೆ ಆ ಎಕೋ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಅದು ಕವಾಟಗಳಿಗೂ ಸ್ನಾಯುವಿಗೂ ಉತ್ತರ ಕೊಟ್ಟಿದೆ. ರಕ್ತನಾಳ ಎಲ್ಲಿಂದ ಹುಟ್ಟಿದೆ ಎಂಬುದನ್ನು ಹುಡುಕಿ ನೋಡಿದವರು ಅದನ್ನು ಬರೆಯುತ್ತಾರೆ. ಬರೆದಿಲ್ಲವೆಂದರೆ ನೋಡಿಲ್ಲವೆಂದೇ ತಿಳಿಯುವುದು ಕ್ಷೇಮ.

ಇಸಿಜಿ ಮತ್ತು ಟಿಎಂಟಿ ಸರಿಯಾಗಿರುವುದೂ ಧೈರ್ಯ ಕೊಡುವ ಸಂಗತಿಯಲ್ಲ. 2000ನೇ ಇಸವಿಯಲ್ಲಿ ಕ್ರಿಸ್ಟಿನಾ ಬಾಸ್ಸೊ ಮತ್ತು ಸಂಗಡಿಗರು, ಕೊರೊನರಿ ಧಮನಿ ತಪ್ಪು ಜಾಗದಿಂದ ಹುಟ್ಟಿದ್ದರಿಂದ ಹಠಾತ್ತನೆ ತೀರಿಕೊಂಡ 27 ಯುವ ಕ್ರೀಡಾಪಟುಗಳ ವಿವರಗಳನ್ನು ಪ್ರಕಟಿಸಿದರು. ಸಾವಿಗೆ ಮುಂಚೆ ಅವರಲ್ಲಿ ಒಂಬತ್ತು ಮಂದಿಗೆ ಇಸಿಜಿ ಆಗಿತ್ತು, ಒಂಬತ್ತೂ ನಾರ್ಮಲ್. ಆರು ಮಂದಿ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮುಗಿಸಿದ್ದರು, ಆರೂ ನಾರ್ಮಲ್. ಇಂಥ ಧಮನಿ ದಿನವೂ, ಪ್ರತಿ ಓಟದಲ್ಲೂ ತೊಂದರೆ ಕೊಡುವುದಿಲ್ಲ. ನೂರು ಸಲ ಬೆಟ್ಟ ಹತ್ತಿಸಿ ನೂರೊಂದನೆಯ ಸಲ ಕೈಕೊಡುತ್ತದೆ. ಆದ್ದರಿಂದ ಇಲ್ಲಿ ಹೃದಯ ಹೇಗೆ ಕೆಲಸ ಮಾಡುತ್ತಿದೆ ಎನ್ನುವ ಪರೀಕ್ಷೆಗಿಂತ ಮುಂಚೆ, ಅದರ ರಕ್ತನಾಳಗಳ ರಚನೆ ಹೇಗಿದೆ ಎನ್ನುವ ಚಿತ್ರ ಬೇಕು.

ಪಾಂಡವಪುರದ ದೈಹಿಕ ಶಿಕ್ಷಕ

ಹುಟ್ಟು ದೋಷವೆಂದರೆ ಹುಟ್ಟಿದಾಗಿನಿಂದ ಇರುವುದು. ಹಾಗಿದ್ದ ಮೇಲೆ ಹದಿನಾರು ವರ್ಷ ಈ ಮಗು ಹೇಗೆ ಓಡಿತು? ನನ್ನ ಕೈಕೆಳಗೆ ಪ್ರತಿ ವರ್ಷ ಇನ್ನೂರು ಮಕ್ಕಳು ಓಡುತ್ತಾರೆ, ಆದ್ದರಿಂದ ಕೇಳುತ್ತಿದ್ದೇನೆ.

ಮಕ್ಕಳ ಹೃದ್ರೋಗ ವೈದ್ಯ

ಇದಕ್ಕೆ ರಚನೆಯನ್ನೇ ಸ್ವಲ್ಪ ವಿವರಿಸಬೇಕು.

ಹೃದಯದಿಂದ ಹೊರಡುವ ಮಹಾಧಮನಿಯ ಬುಡದಲ್ಲಿ, ಕವಾಟದ ಮೂರು ಎಸಳುಗಳ ಮೇಲೆ, ಮೂರು ಸಣ್ಣ ಉಬ್ಬುಗಳಿವೆ. ಅವನ್ನು ಸೈನಸ್ ಎನ್ನುತ್ತೇವೆ. ಎಡ ಸೈನಸ್‌ನಿಂದ ಎಡ ಕೊರೊನರಿ, ಬಲ ಸೈನಸ್‌ನಿಂದ ಬಲ ಕೊರೊನರಿ ಹುಟ್ಟಬೇಕು, ಮೂರನೆಯದರಿಂದ ಏನೂ ಹುಟ್ಟುವುದಿಲ್ಲ. ಕೆಲವರಲ್ಲಿ ಎಡ ಧಮನಿ ಬಲ ಸೈನಸ್‌ನಿಂದ ಅಥವಾ ಬಲ ಧಮನಿ ಎಡ ಸೈನಸ್‌ನಿಂದ ಹುಟ್ಟುತ್ತದೆ. ಹುಟ್ಟಿದ ಮೇಲೆ ತನ್ನ ಜಾಗಕ್ಕೆ ಹೋಗಲು ಅದಕ್ಕೆ ಕೆಲವೇ ದಾರಿಗಳು: ಪುಪ್ಪುಸ ಧಮನಿಯ (ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ) ಮುಂದಿನಿಂದ, ಮಹಾಧಮನಿಯ ಹಿಂದಿನಿಂದ, ಕೆಳಗಿಳಿದು ಹೃದಯದ ನಡುಗೋಡೆಯ ಸ್ನಾಯುವಿನೊಳಗಿನಿಂದ, ಇಲ್ಲವೇ ಮಹಾಧಮನಿ ಮತ್ತು ಪುಪ್ಪುಸ ಧಮನಿಗಳ ನಡುವಿನ ಸಂದಿಯಿಂದ. ಮೊದಲ ಮೂರು ದಾರಿಗಳು ಬಹುಪಾಲು ನಿರಪಾಯ. ಹೆದರಿಸುವುದು ನಾಲ್ಕನೆಯದು.

ಎರಡು ದೊಡ್ಡ ಕೊಳವೆಗಳ ನಡುವೆ ಸಿಕ್ಕಿ ಅದು ಅಪ್ಪಚ್ಚಿಯಾಗುತ್ತದೆ ಎಂದು ಹಿಂದೆ ವಿವರಿಸುತ್ತಿದ್ದರು, ಈಗಲೂ ಹಲವರು ಹಾಗೆಯೇ ಹೇಳುತ್ತಾರೆ. ನನಗೆ ಆ ವಿವರಣೆ ಸಾಲದು. ಪುಪ್ಪುಸ ಧಮನಿಯ ಒತ್ತಡ ಕಡಿಮೆ, ಅದು ಕೊರೊನರಿಯನ್ನು ಹಿಂಡುವಷ್ಟು ಬಲಶಾಲಿಯಲ್ಲ. ನಿಜವಾದ ತೊಂದರೆ ಇರುವುದು ಮಹಾಧಮನಿಯ ಗೋಡೆಯಲ್ಲೇ. ಇಂಥ ಧಮನಿ ಎಷ್ಟೋ ಸಲ ಗೋಡೆಯಿಂದ ನೇರವಾಗಿ ಹೊರಬರದೆ, ಓರೆಯಾಗಿ ಹೊರಟು, ಕೆಲವು ಮಿಲಿಮೀಟರ್ ದೂರ ಆ ಗೋಡೆಯ ಪದರಗಳ ಒಳಗೇ ಹರಿಯುತ್ತದೆ. ಅದರ ಬಾಯಿ ದುಂಡಗಿರುವ ಬದಲು ಸೀಳಿನಂತೆ ಇರುತ್ತದೆ. ಜೋರಾಗಿ ಓಡುವಾಗ ರಕ್ತದೊತ್ತಡ ಏರಿ ಮಹಾಧಮನಿ ಹಿಗ್ಗುತ್ತದೆ, ಗೋಡೆ ಬಿಗಿಯುತ್ತದೆ, ಸೀಳು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಎಡ ಕೊರೊನರಿಗೆ ರಕ್ತ ಹರಿಯುವುದು ಹೆಚ್ಚಾಗಿ ಹೃದಯ ಸಡಿಲಗೊಂಡಿರುವ ಹೊತ್ತಿನಲ್ಲಿ. ನಾಡಿ ವೇಗವಾದಷ್ಟೂ ಆ ಹೊತ್ತು ಕಡಿಮೆಯಾಗುತ್ತ ಹೋಗುತ್ತದೆ. ಸ್ನಾಯು ಅತಿ ಹೆಚ್ಚು ರಕ್ತ ಬೇಡುವ ಗಳಿಗೆಯಲ್ಲೇ ಬಾಯಿ ಕಿರಿದು, ಸಮಯವೂ ಕಿರಿದು. ಚಿಕ್ಕ ಮಗುವಾಗಿದ್ದಾಗ ಯಾರೂ ಅಷ್ಟು ತೀವ್ರವಾಗಿ, ಅಷ್ಟು ಹೊತ್ತು ಓಡುವುದಿಲ್ಲ. ಹದಿಹರೆಯದಲ್ಲಿ ಸ್ಪರ್ಧೆಯ ಓಟ ಶುರುವಾದಾಗ ಅದು ಹೊರಬೀಳುತ್ತದೆ. ಅಮೆರಿಕದಲ್ಲಿ ಯುವ ಕ್ರೀಡಾಪಟುಗಳ ಹೃದಯ ಸಂಬಂಧಿ ಹಠಾತ್ ಸಾವಿನ ಕಾರಣಗಳನ್ನು ದಾಖಲಿಸಿದ ದೊಡ್ಡ ಪಟ್ಟಿಯಲ್ಲಿ, ಸ್ನಾಯು ದಪ್ಪಗಾಗುವ ಕಾಯಿಲೆಯ ನಂತರ ಎರಡನೆಯ ಸ್ಥಾನ ಕೊರೊನರಿಯ ಹುಟ್ಟು ದೋಷಗಳದ್ದು.

ಮದ್ದೂರಿನ ಮೇಷ್ಟ್ರು

ಈಗ ಅರ್ಥವಾಯಿತು. ನಾವು ನಾಲೆಯ ಸೀಮೆಯವರು. ತೂಬಿನ ಬಾಯಿ ಸರಿಯಿಲ್ಲದಿದ್ದರೆ ನಾಲೆ ತುಂಬಿ ಹರಿದರೂ ಗದ್ದೆಗೆ ನೀರು ಹತ್ತುವುದಿಲ್ಲ. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯಲ್ಲಿ ಸುರಂಗದೊಳಗೆ ಹಾದುಹೋಗುವಂತೆ ಈ ಧಮನಿ ಗೋಡೆಯೊಳಗೆ ಹಾದುಹೋಗುತ್ತದೆ ಎಂದು ಮಗಳಿಗೆ ಹೇಳಿದೆ. ಆದರೆ ಹುಲಿಕೆರೆಯದು ಬಂಡೆ, ನನ್ನದು ಓಡಿದಾಗಲೆಲ್ಲ ಬಿಗಿಯುವ ಗೋಡೆ ಎಂದಳು. ಪರೀಕ್ಷೆಯ ವಿಚಾರ ದಯವಿಟ್ಟು ಮುಂದುವರಿಸಿ.

ಮಕ್ಕಳ ಹೃದ್ರೋಗ ವೈದ್ಯ

ಅವಳು ಹೇಳಿದ್ದೇ ಸರಿ.

ಎಕೋದಿಂದ ಶುರು ಮಾಡೋಣ. ಪ್ರೋಬನ್ನು ಎದೆಮೂಳೆಯ ಪಕ್ಕದಲ್ಲಿಟ್ಟು ಮಹಾಧಮನಿಯನ್ನು ಅಡ್ಡಲಾಗಿ ಕತ್ತರಿಸಿದಂತೆ ನೋಡಿದಾಗ ಅದು ಗಡಿಯಾರದ ಮುಖದಂತೆ ದುಂಡಗೆ ಕಾಣುತ್ತದೆ. ಆ ಗಡಿಯಾರದಲ್ಲಿ ಎಡ ಕೊರೊನರಿ ಸುಮಾರು ನಾಲ್ಕು ಗಂಟೆಯ ಜಾಗದಲ್ಲಿ, ಬಲ ಕೊರೊನರಿ ಸುಮಾರು ಹನ್ನೊಂದು ಗಂಟೆಯ ಜಾಗದಲ್ಲಿ ಹೊರಡಬೇಕು. ಮಕ್ಕಳ ಎದೆಗೋಡೆ ತೆಳು, ತಾಳ್ಮೆಯಿದ್ದರೆ ಎರಡೂ ಸಿಗುತ್ತವೆ. ದೊಡ್ಡವರಲ್ಲಿ, ದಪ್ಪಗಿರುವವರಲ್ಲಿ ಕಷ್ಟ. ಎಕೋ ಕಲಿಯುವವರು ಮೋಸಹೋಗುವ ಜಾಗವೊಂದಿದೆ: ಮಹಾಧಮನಿಯ ಎಡಕ್ಕೆ ಹೃದಯದ ಹೊರಪೊರೆಯ ಮಡಿಕೆಯೊಂದು ಎರಡು ಗೆರೆಗಳಂತೆ ಕಂಡು, ಎಡ ಕೊರೊನರಿ ಸರಿಯಾದ ಜಾಗದಲ್ಲೇ ಇದೆ ಎನ್ನುವ ಭ್ರಮೆ ಹುಟ್ಟಿಸುತ್ತದೆ. ಗೆರೆಗಳನ್ನು ಕಂಡರೆ ಸಾಲದು, ಅವುಗಳ ನಡುವೆ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರಿನಲ್ಲಿ, ರಕ್ತ ಹರಿಯುವುದನ್ನೂ ಅದು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. ಕೊರೊನರಿಯ ಹರಿವು ನಿಧಾನವಾದ್ದರಿಂದ ಯಂತ್ರದ ವೇಗದ ಮಿತಿಯನ್ನು ತಗ್ಗಿಸಿಕೊಳ್ಳಬೇಕು, ಕವಾಟಕ್ಕೆ ಇಟ್ಟ ಮಿತಿಯಲ್ಲೇ ನೋಡಿದರೆ ಬಣ್ಣವೇ ಮೂಡುವುದಿಲ್ಲ. ಮಹಾಧಮನಿಯ ಮುಂಗೋಡೆಯೊಳಗೆ, ಹೃದಯ ಸಡಿಲಗೊಂಡ ಹೊತ್ತಿನಲ್ಲಿ, ಬಣ್ಣದ ಒಂದು ತೆಳುಗೆರೆ ಮಿಂಚಿದರೆ ಅದೇ ಗೋಡೆಯೊಳಗಿನ ಧಮನಿ. ನಾನು ಮೊದಲ ಸಲ ಅದನ್ನು ಕಂಡಾಗ ಪರದೆಯನ್ನು ನಿಲ್ಲಿಸಿ ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಿದ್ದೆ.

ಎಕೋದಲ್ಲಿ ಏನೇ ಕಂಡರೂ, ನಿಮ್ಮ ಮಗಳ ಲಕ್ಷಣಗಳಿಗೆ ಸಿಟಿ ಕೊರೊನರಿ ಆಂಜಿಯೋಗ್ರಾಂ, ಅಂದರೆ ಸಿಟಿ ಯಂತ್ರದಲ್ಲಿ ಈ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ, ಆಗಲೇಬೇಕು ಎಂಬುದು ನನ್ನ ಅಭಿಪ್ರಾಯ.

ಸರಸ್ವತಿಪುರಂ ತಾಯಿ

ಮಕ್ಕಳ ಎಕೋ ವಿಚಾರ ಬಂದದ್ದರಿಂದ ನನ್ನ ಮಗನ ಕಥೆ ಹೇಳುತ್ತೇನೆ. ಯಾರಿಗಾದರೂ ಉಪಯೋಗವಾದೀತು.

ಹುಟ್ಟಿದಾಗ ಮಗು ಮೂರು ಕೆ.ಜಿ. ಇತ್ತು, ಎಲ್ಲವೂ ಚೆನ್ನಾಗಿತ್ತು. ಎರಡನೆಯ ತಿಂಗಳು ತುಂಬುವ ಹೊತ್ತಿಗೆ ಹಾಲು ಕುಡಿಯುವಾಗ ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಲ್ಲುತ್ತಿತ್ತು. ಎರಡು ಗುಟುಕು ಕುಡಿದು ಬಾಯಿ ಬಿಟ್ಟು ಕಿರುಚುತ್ತಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಹೊಟ್ಟೆನೋವು ಎಂದು ಓಮದ ನೀರು ಕುಡಿಸಿದೆವು, ದೃಷ್ಟಿಯೂ ತೆಗೆದೆವು. ತೋರಿಸಿದ ಕಡೆಯೆಲ್ಲ ಹೊಟ್ಟೆಗೆ ಹನಿ ಬರೆದುಕೊಟ್ಟರು. ನಾಲ್ಕನೆಯ ತಿಂಗಳಲ್ಲಿ ಕೆಮ್ಮು ಬಂದು ಎಕ್ಸ್‌ರೇ ತೆಗೆದಾಗ ಹೃದಯ ದೊಡ್ಡದಾಗಿದೆ ಎಂದು ತಿಳಿಯಿತು. ಮೊದಲ ಎಕೋ ಮಾಡಿದವರು ಹೃದಯದ ಸ್ನಾಯುವೇ ದುರ್ಬಲ, ಔಷಧಿಯಲ್ಲೇ ಇರಬೇಕು ಎಂದರು. ಬೆಂಗಳೂರಿನಲ್ಲಿ ಎರಡನೆಯ ಸಲ ನೋಡಿದ ವೈದ್ಯೆ ಇಸಿಜಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಎಡ ಕೊರೊನರಿ ಎಲ್ಲಿದೆ ಹುಡುಕೋಣ ಎಂದು ಮತ್ತೆ ಎಕೋಗೆ ಕೂರಿಸಿಕೊಂಡರು. ಅದು ಮಹಾಧಮನಿಯಿಂದ ಹುಟ್ಟದೆ ಪುಪ್ಪುಸ ಧಮನಿಯಿಂದ ಹುಟ್ಟಿತ್ತು. ಐದನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಅವನಿಗೆ ಏಳು ವರ್ಷ, ಮೂರನೆಯ ಮಹಡಿಗೆ ನನಗಿಂತ ಮುಂಚೆ ಹತ್ತುತ್ತಾನೆ.

ಮಕ್ಕಳ ಹೃದ್ರೋಗ ವೈದ್ಯ

ನಿಮ್ಮ ಮಗನಿಗೆ ಒಳ್ಳೆಯದಾಗಲಿ. ಇದನ್ನು ಆಲ್‌ಕಾಪಾ ಎನ್ನುತ್ತೇವೆ. 1933ರಲ್ಲಿ ವಿವರಿಸಿದ ಮೂವರು ವೈದ್ಯರ ಹೆಸರಿನಲ್ಲಿ ಬ್ಲ್ಯಾಂಡ್-ವೈಟ್-ಗಾರ್ಲೆಂಡ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ಸುಮಾರು 3,00,000 ಮಕ್ಕಳಲ್ಲಿ ಒಂದಕ್ಕೆ ಬರುವ ದೋಷ. ಚಿಕಿತ್ಸೆ ಸಿಗದಿದ್ದರೆ ಮೊದಲ ವರ್ಷದಲ್ಲೇ ಶೇ. 90ರಷ್ಟು ಮಕ್ಕಳು ಉಳಿಯುವುದಿಲ್ಲ.

ಎರಡನೆಯ ತಿಂಗಳವರೆಗೆ ಮಗು ಚೆನ್ನಾಗಿರುವುದಕ್ಕೆ ಕಾರಣವಿದೆ. ಹುಟ್ಟಿದ ಹೊಸತರಲ್ಲಿ ಪುಪ್ಪುಸ ಧಮನಿಯ ಒತ್ತಡ ಹೆಚ್ಚಿರುವುದರಿಂದ ಹೇಗೋ ರಕ್ತ ಒಳಗೆ ನೂಕಿಕೊಳ್ಳುತ್ತದೆ. ಒತ್ತಡ ಇಳಿಯುತ್ತ ಬಂದಂತೆ ಹರಿವು ಹಿಂದಿರುಗುತ್ತದೆ, ಹೃದಯಕ್ಕೆ ಹೋಗಬೇಕಾದ ರಕ್ತ ಪುಪ್ಪುಸದ ಕಡೆ ಸೋರಿಹೋಗುತ್ತದೆ. ಎದೆಹಾಲು ಕುಡಿಯುವುದು ಆ ವಯಸ್ಸಿನ ಮಗುವಿಗೆ ಬೆಟ್ಟ ಹತ್ತಿದಷ್ಟೇ ಶ್ರಮ. ನೀವು ಕಂಡ ಬೆವರು, ಬೂದಿ ಬಣ್ಣ, ಕಿರುಚಾಟ ಎಲ್ಲವೂ ಎದೆನೋವೇ. ಇಸಿಜಿಯಲ್ಲಿ ಒಂದನೆಯ ಲೀಡ್, ಎವಿಎಲ್ ಮತ್ತು ಎದೆಯ ಎಡಭಾಗದ ಲೀಡ್‌ಗಳಲ್ಲಿ, ಅಂದರೆ ಹೃದಯದ ಎಡಭಾಗವನ್ನು ನೋಡುವ ಗೆರೆಗಳಲ್ಲಿ, ಆಳವಾದ ಕ್ಯೂ ಅಲೆಗಳು (ಸ್ನಾಯುವಿಗೆ ಪೆಟ್ಟಾದ ಗುರುತು) ಕಾಣುತ್ತವೆ. ಎಕೋದಲ್ಲಿ ಬಲ ಕೊರೊನರಿ ಉಬ್ಬಿರುತ್ತದೆ, ಎರಡೆಸಳಿನ ಕವಾಟ ಸೋರುತ್ತಿರುತ್ತದೆ, ಅದನ್ನು ಹಿಡಿದ ಸ್ನಾಯುಕಂಬಗಳು ಬೆಳ್ಳಗೆ ಹೊಳೆಯುತ್ತವೆ, ಎಡ ಕೊರೊನರಿಯಲ್ಲಿ ಬಣ್ಣ ತಿರುಗುಮುರುಗಾಗಿ ಓಡುತ್ತದೆ. ಹಾಲು ಕುಡಿಯುವ ಮಗುವಿನ ಹೃದಯ ದುರ್ಬಲವಾಗಿದೆ ಎಂದು ಬರೆಯುವ ಯಾರೇ ಆಗಲಿ, ಎಡ ಕೊರೊನರಿಯ ಬಾಯಿಯನ್ನು ಕಣ್ಣಾರೆ ಕಾಣುವವರೆಗೆ ಸ್ನಾಯುವಿನ ಕಾಯಿಲೆ ಎಂದು ಮುಗಿಸಬಾರದು. ಇದು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ದೌರ್ಬಲ್ಯ.

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹುಟ್ಟು ಹೃದ್ರೋಗವನ್ನೂ ನೋಡುತ್ತವೆ. ಹಾಲು ಕುಡಿಯುವಾಗ ಬೆವರುತ್ತದೆ ಎಂಬ ಮಾತನ್ನು ತಾಯಂದಿರು ಅವರಿಗೂ ಹೇಳಬೇಕು.

ಕುವೆಂಪುನಗರದ ನಿವೃತ್ತ ಇಂಜಿನಿಯರ್

ನನಗೆ ಅರವತ್ತೆಂಟು. ಕಳೆದ ವರ್ಷ ಆಂಜಿಯೋಗ್ರಾಂ ಮಾಡಿದಾಗ, ಸಾಮಾನ್ಯವಾಗಿ ಎಡ ಕೊರೊನರಿಯ ಕವಲಾಗಿರುವ ಸರ್ಕಂಫ್ಲೆಕ್ಸ್ ಎಂಬ ರಕ್ತನಾಳ ನನ್ನಲ್ಲಿ ಬಲ ಸೈನಸ್‌ನಿಂದ ಹುಟ್ಟಿ ಮಹಾಧಮನಿಯ ಹಿಂದೆ ಹೋಗಿದೆ ಎಂದು ಬರೆದರು. ಬ್ಲಾಕ್ ಇಲ್ಲ. ಈ ಚರ್ಚೆ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬಂದಿಲ್ಲ.

ರೇಡಿಯಾಲಜಿ ವೈದ್ಯೆ, ಮೈಸೂರು

ಸರ್, ನೆಮ್ಮದಿಯಾಗಿ ನಿದ್ದೆ ಮಾಡಿ. ಮಹಾಧಮನಿಯ ಹಿಂದಿನಿಂದ ಹೋಗುವ ಸರ್ಕಂಫ್ಲೆಕ್ಸ್ ನಿರಪಾಯದ ಬದಲಾವಣೆ, ಇಂಥವುಗಳಲ್ಲಿ ಹೆಚ್ಚು ಕಾಣಸಿಗುವುದೂ ಅದೇ. 1990ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 1,26,595 ಆಂಜಿಯೋಗ್ರಾಂಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಶೇ. 1.3ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ಹುಟ್ಟು ವ್ಯತ್ಯಾಸ ಕಂಡಿತು, ಅದರಲ್ಲಿ ದೊಡ್ಡ ಪಾಲು ಯಾರಿಗೂ ಏನೂ ಮಾಡದಂಥದ್ದು. ಮುಂದೆ ಎಂದಾದರೂ ಕವಾಟದ ಶಸ್ತ್ರಚಿಕಿತ್ಸೆಯಾದರೆ ಆ ನಾಳ ಕವಾಟದ ಉಂಗುರಕ್ಕೆ ಅಂಟಿಕೊಂಡೇ ಹೋಗುತ್ತದೆ ಎಂಬುದು ಸರ್ಜನ್‌ಗೆ ಗೊತ್ತಿರಬೇಕು. ಆದ್ದರಿಂದ ವರದಿಯನ್ನು ಜೋಪಾನವಾಗಿಡಿ. ಅದಕ್ಕಿಂತ ಹೆಚ್ಚೇನೂ ಬೇಡ.

ನಂಜನಗೂಡು ರಸ್ತೆಯ ಓದುಗ

ಒಂದು ಆಕ್ಷೇಪ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾವಿರಾರು ಜನ ಸಾಲುಗಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. ನಿಜವಾಗಿ ತುರ್ತು ಇದ್ದವರಿಗೂ ಆ ದಿನಗಳಲ್ಲಿ ತೊಂದರೆಯಾಯಿತು. ಈಗ ಇಸಿಜಿ, ಎಕೋ, ಟಿಎಂಟಿ ಯಾವುದೂ ಸಾಲದು ಎಂದು ನೀವು ಬರೆದರೆ, ನಾಳೆ ಎಲ್ಲರೂ ಸಿಟಿ ಮಾಡಿಸಲು ಹೊರಡುವುದಿಲ್ಲವೇ?

ರೇಡಿಯಾಲಜಿ ವೈದ್ಯೆ, ಮೈಸೂರು

ನಿಮ್ಮ ಆತಂಕ ನ್ಯಾಯವಾದದ್ದು. ಲಕ್ಷಣವಿಲ್ಲದವರು ಭಯದಿಂದ ಸಿಟಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ವಿಕಿರಣವಿದೆ, ಅಯೋಡಿನ್ ಔಷಧಿಯಿದೆ, ಖರ್ಚಿದೆ, ಮೇಲಾಗಿ ನಿರಪಾಯದ ವ್ಯತ್ಯಾಸವೊಂದು ಸಿಕ್ಕಿ ಆಜೀವ ಚಿಂತೆಯಾಗುವ ಸಂಭವವಿದೆ. ಇಂಜಿನಿಯರ್ ಅವರ ಎರಡು ರಾತ್ರಿಗಳೇ ಅದಕ್ಕೆ ಸಾಕ್ಷಿ. ನಾನು ಹೇಳುತ್ತಿರುವುದು, ಶ್ರಮದ ನಡುವೆ ಎಚ್ಚರ ತಪ್ಪಿದ ಅಥವಾ ಶ್ರಮದ ನಡುವೆ ಎದೆ ಹಿಂಡಿದ ಹುಡುಗ ಹುಡುಗಿಯರ ವಿಚಾರ. ಅಂಥವರ ಸಂಖ್ಯೆ ಕಡಿಮೆ. ಅವರನ್ನು ‘ನಾರ್ಮಲ್’ ಎಂಬ ಒಂದು ಪದದಿಂದ ಮನೆಗೆ ಕಳುಹಿಸಬಾರದು. ಎಕೋದ ಮಟ್ಟಿಗೆ ನನ್ನ ಬೇಡಿಕೆ ಇನ್ನೂ ಚಿಕ್ಕದು. ಮಕ್ಕಳ ಮತ್ತು ಹದಿಹರೆಯದವರ ಪ್ರತಿ ವರದಿಯಲ್ಲೂ ಎರಡು ಕೊರೊನರಿಗಳ ಹುಟ್ಟನ್ನು ಕಂಡೆವು ಎಂದೋ, ಪ್ರಯತ್ನಿಸಿದರೂ ಕಾಣಲಿಲ್ಲ ಎಂದೋ ಒಂದು ಸಾಲು ಇರಬೇಕು. ಕಾಣಲಿಲ್ಲ ಎಂದು ಬರೆಯುವುದು ಅವಮಾನವಲ್ಲ. ಮುಂದಿನ ವೈದ್ಯರಿಗೆ ದಾರಿ ತೋರಿಸುವುದು ಆ ಸಾಲೇ.

ಸಿಟಿ ಟೆಕ್ನೀಷಿಯನ್, ಮಂಡ್ಯ

ಮೇಷ್ಟ್ರೇ, ಸಿಟಿಗೆ ಹೋಗುವ ಮುಂಚೆ ಮಗಳಿಗೆ ಹೇಳಿಕೊಡಬೇಕಾದದ್ದನ್ನು ಬರೆಯುತ್ತೇನೆ. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಚಿತ್ರ ಕೆಡುವುದು ಯಂತ್ರದಿಂದಲ್ಲ, ಹೆದರಿಕೆಯಿಂದ.

ಹೃದಯ ಒಂದು ಕ್ಷಣವೂ ನಿಲ್ಲದ ವಸ್ತು, ಕೊರೊನರಿಯ ಬಾಯಿ ಎರಡು ಮೂರು ಮಿಲಿಮೀಟರ್. ಎದೆಗೆ ಇಸಿಜಿ ತಂತಿ ಅಂಟಿಸಿ, ಎರಡು ಬಡಿತಗಳ ನಡುವಿನ ನಿಶ್ಚಲ ಕ್ಷಣಕ್ಕೆ ಕಾದು, ಅಷ್ಟರಲ್ಲಿ ಯಂತ್ರ ಚಿತ್ರ ಹಿಡಿಯುತ್ತದೆ. ನಾಡಿ 60ರ ಆಸುಪಾಸಿನಲ್ಲಿದ್ದರೆ ಆ ಕ್ಷಣ ಉದ್ದವಾಗಿರುತ್ತದೆ. ಅದಕ್ಕಾಗಿ ಮೆಟೊಪ್ರೊಲಾಲ್ ಎಂಬ ಮಾತ್ರೆ ಕೊಡುತ್ತಾರೆ. ಅವಳಿಗೆ ಉಬ್ಬಸ ಇದ್ದರೆ ಮೊದಲೇ ಹೇಳಬೇಕು. ನಾಲಗೆಯ ಕೆಳಗೆ ನೈಟ್ರೋಗ್ಲಿಸರಿನ್ ಹಾಕಿದರೆ ರಕ್ತನಾಳ ಅರಳುತ್ತದೆ, ಜೊತೆಗೆ ಸ್ವಲ್ಪ ತಲೆನೋವು ಬರುತ್ತದೆ. ಕಿಡ್ನಿಯ ಕ್ರಿಯೇಟಿನಿನ್ ಪರೀಕ್ಷೆ ಹಿಂದಿನ ದಿನವೇ ಆಗಿರಲಿ. ಅಂದು ಬೆಳಿಗ್ಗೆ ಕಾಫಿ, ಟೀ ಬೇಡ. ಕಾಂಟ್ರಾಸ್ಟ್ (ರಕ್ತನಾಳ ಚಿತ್ರದಲ್ಲಿ ಕಾಣಲೆಂದು ಚುಚ್ಚುವ ಅಯೋಡಿನ್ ಔಷಧಿ) ಹರಿಯುವಾಗ ಗಂಟಲಿನಿಂದ ಕೆಳಹೊಟ್ಟೆಯವರೆಗೆ ಬಿಸಿ ಹರಿದಂತಾಗಿ, ಮೂತ್ರ ಹೋಯಿತೇನೋ ಎನ್ನಿಸುತ್ತದೆ. ಮೊದಲೇ ಹೇಳದಿದ್ದರೆ ಮಕ್ಕಳು ಆ ಗಳಿಗೆಯಲ್ಲಿ ಬೆಚ್ಚಿ ಉಸಿರು ಬಿಟ್ಟುಬಿಡುತ್ತಾರೆ, ಅಲ್ಲಿಗೆ ಚಿತ್ರ ಹಾಳು. ಹತ್ತು ಸೆಕೆಂಡು ಉಸಿರು ಹಿಡಿಯುವುದನ್ನು ಮನೆಯಲ್ಲೇ ನಾಲ್ಕು ದಿನ ಅಭ್ಯಾಸ ಮಾಡಿಸಿ.

ಮದ್ದೂರಿನ ಮೇಷ್ಟ್ರು

ತುಂಬ ಉಪಕಾರವಾಯಿತು. ಹೆಣ್ಣುಮಗು, ಇನ್ನೂ ಬೆಳೆಯುವ ವಯಸ್ಸು. ವಿಕಿರಣದ ವಿಚಾರ ಅವಳ ತಾಯಿಯನ್ನು ಕಾಡುತ್ತಿದೆ. ಎಂಆರ್‌ಐ ಆಗುವುದಿಲ್ಲವೇ? ಅಥವಾ ಕೈಯ ರಕ್ತನಾಳದ ಮೂಲಕ ಸಣ್ಣ ಕೊಳವೆ (ಕ್ಯಾಥೆಟರ್) ಹಾಕಿ ನೇರವಾಗಿ ಮಾಡುವ ಆಂಜಿಯೋಗ್ರಾಂ?

ರೇಡಿಯಾಲಜಿ ವೈದ್ಯೆ, ಮೈಸೂರು

ಎಂಆರ್‌ಐನಲ್ಲಿ ವಿಕಿರಣವಿಲ್ಲ. ಉಸಿರಾಟವನ್ನು ಹಿಂಬಾಲಿಸುತ್ತ ಇಡೀ ಹೃದಯವನ್ನು ಮೂರು ಆಯಾಮದಲ್ಲಿ ಹಿಡಿಯುವ ವಿಧಾನವಿದೆ, ಧಮನಿ ಎಲ್ಲಿ ಹುಟ್ಟಿದೆ ಎಂದು ಹೇಳಲು ಹಲವು ಸಲ ಅದೇ ಸಾಕು. ಸ್ನಾಯುವಿನಲ್ಲಿ ಹಳೆಯ ಗಾಯವಿದೆಯೇ, ಹೃದಯವನ್ನು ಔಷಧಿಯಿಂದ ಓಡಿಸಿದಾಗ ರಕ್ತ ಕಡಿಮೆ ಬೀಳುತ್ತದೆಯೇ ಎಂದೂ ಅದು ತೋರಿಸುತ್ತದೆ. ಆದರೆ ಬಾಯಿ ಸೀಳಿನಂತಿದೆಯೇ, ಗೋಡೆಯೊಳಗೆ ಎಷ್ಟು ಮಿಲಿಮೀಟರ್ ಹೋಗಿದೆ ಎಂಬ ಸೂಕ್ಷ್ಮಕ್ಕೆ ಸಿಟಿಯ ಅರ್ಧ ಮಿಲಿಮೀಟರಿನ ಪದರಗಳೇ ಬೇಕು. ಹೊಸ ಯಂತ್ರಗಳಲ್ಲಿ, ನಾಡಿ ಹತೋಟಿಯಲ್ಲಿದ್ದರೆ, ಈ ಪರೀಕ್ಷೆಯ ವಿಕಿರಣ 1ರಿಂದ 5 ಮಿಲಿಸೀವರ್ಟ್ ಒಳಗಿರುತ್ತದೆ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ. ಈ ಲಕ್ಷಣಕ್ಕೆ ಒಂದು ಸಲ ಅಷ್ಟನ್ನು ಒಪ್ಪಬಹುದು ಎಂದು ಅವರ ತಾಯಿಗೆ ನನ್ನ ಪರವಾಗಿ ಹೇಳಿ.

ಕ್ಯಾಥೆಟರ್ ಆಂಜಿಯೋಗ್ರಾಂ ಬ್ಲಾಕ್ ಹುಡುಕುವುದಕ್ಕೆ ಶ್ರೇಷ್ಠ. ರಕ್ತನಾಳದ ಒಳಗಿನ ನೆರಳನ್ನು ಅದು ಸ್ಪಷ್ಟವಾಗಿ ಕೊಡುತ್ತದೆ, ಆದರೆ ಅದು ನೆರಳೇ. ಪಕ್ಕದಲ್ಲಿ ಪುಪ್ಪುಸ ಧಮನಿ ಎಲ್ಲಿದೆ, ದಾರಿ ಅದರ ಮುಂದಿನದೋ ಹಿಂದಿನದೋ ಎಂದು ಅದರಿಂದ ಊಹಿಸಬೇಕಾಗುತ್ತದೆ. ತಪ್ಪು ಜಾಗದ ಬಾಯಿಗೆ ಕ್ಯಾಥೆಟರ್ ಸಿಕ್ಕಿಸುವುದೂ ಕಷ್ಟ. ಮೊದಲ ಪರೀಕ್ಷೆಯಾಗಿ ಅದು ಬೇಡ.

ಇನ್ನೊಂದು ಮುಖ್ಯ ಮಾತು. ಸಿಟಿ ವರದಿಯಲ್ಲಿ ‘ಎರಡು ಧಮನಿಗಳ ನಡುವೆ ಹೋಗಿದೆ’ ಎಂದಷ್ಟೇ ಬರೆದಿದ್ದರೆ ಪ್ರಶ್ನೆ ಕೇಳಿ. ಪುಪ್ಪುಸ ಕವಾಟಕ್ಕಿಂತ ಮೇಲೆ ಹೋಗಿದ್ದರೆ ಒಂದು ಅರ್ಥ, ಕೆಳಗಿಳಿದು ಸ್ನಾಯುವಿನೊಳಗೆ ತೂಗುಮಂಚದಂತೆ ಬಾಗಿ ಹೋಗಿದ್ದರೆ ಬೇರೆಯೇ ಅರ್ಥ. ಮೇಲ್ನೋಟಕ್ಕೆ ಎರಡೂ ನಡುವೆ ಹೋದಂತೆಯೇ ಕಾಣುತ್ತವೆ. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಎರಡನೆಯದು ಬಹುಪಾಲು ಸುಮ್ಮನಿರುವಂಥದ್ದು. ಬಾಯಿಯ ಆಕಾರ, ಹೊರಟ ಕೋನ, ಗೋಡೆಯೊಳಗಿನ ಉದ್ದ, ಅತಿ ಕಿರಿದಾದ ಜಾಗದ ಅಳತೆ, ಇಷ್ಟೂ ಬರೆದ ವರದಿಯೇ ಪೂರ್ಣ ವರದಿ.

ಮದ್ದೂರಿನ ಮೇಷ್ಟ್ರು

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಸಿಟಿ ಆಯಿತು. ಮಲಗಿಸಿದಾಗ ನಾಡಿ 96 ಇತ್ತು. ಮಾತ್ರೆ ಕೊಟ್ಟು ಒಂದೂವರೆ ಗಂಟೆ ಕಾಯಿಸಿ, 59ಕ್ಕೆ ಇಳಿದ ಮೇಲೆ ಒಳಗೆ ಕರೆದರು. ಬಿಸಿ ಹರಿಯುತ್ತದೆ ಎಂದು ಮೊದಲೇ ತಿಳಿದಿದ್ದರಿಂದ ಅವಳು ಅಲುಗಲಿಲ್ಲ. ಮಂಡ್ಯದ ಟೆಕ್ನೀಷಿಯನ್ ಅವರಿಗೆ ಅವಳು ವಿಶೇಷವಾಗಿ ನಮಸ್ಕಾರ ತಿಳಿಸಲು ಹೇಳಿದ್ದಾಳೆ.

ವರದಿಯ ಸಾರವನ್ನು ಕನ್ನಡದಲ್ಲಿ ಬರೆಯುತ್ತೇನೆ: ಎಡ ಮುಖ್ಯ ಕೊರೊನರಿ ಧಮನಿಯು ಬಲ ಸೈನಸ್‌ನಿಂದ, ಬಲ ಕೊರೊನರಿಯ ಬಾಯಿಯ ಪಕ್ಕದಲ್ಲೇ ಹುಟ್ಟಿದೆ, ಪುಪ್ಪುಸ ಕವಾಟದ ಮಟ್ಟಕ್ಕಿಂತ ಮೇಲೆ, ಎರಡು ದೊಡ್ಡ ಧಮನಿಗಳ ನಡುವೆ ಸಾಗಿದೆ, ಬಾಯಿ ಸೀಳಿನಾಕಾರದಲ್ಲಿದೆ, ಸುಮಾರು 7 ಮಿ.ಮೀ. ಮಹಾಧಮನಿಯ ಗೋಡೆಯೊಳಗಿದೆ. ರೇಡಿಯಾಲಜಿಸ್ಟ್ ನನ್ನನ್ನು ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಬಲ ಧಮನಿಯ ಬಾಯಿ ಹೆಸರುಕಾಳಿನಂತೆ ದುಂಡಗಿತ್ತು. ಎಡದ್ದು ಉಗುರಿನಿಂದ ಕೊರೆದ ಗೀರಿನಂತಿತ್ತು. ಅಷ್ಟು ಸಣ್ಣ ಗೀರಿನ ಮೂಲಕ ಇವಳು ಇಷ್ಟು ವರ್ಷ ಓಡಿದ್ದಾಳಲ್ಲ ಎಂದು ನನಗೆ ಮಾತೇ ಹೊರಡಲಿಲ್ಲ.

ಮಕ್ಕಳ ಹೃದ್ರೋಗ ವೈದ್ಯ

ಮೇಷ್ಟ್ರೇ, ಧೈರ್ಯವಾಗಿರಿ. ಸಿಕ್ಕಬೇಕಾದದ್ದು ಸಿಕ್ಕಿದೆ. ಎಡ ಧಮನಿ, ಅಪಾಯದ ದಾರಿ, ಜೊತೆಗೆ ಲಕ್ಷಣ, ಮೂರೂ ಸೇರಿದಾಗ ಶಸ್ತ್ರಚಿಕಿತ್ಸೆ ಬೇಕೆಂಬುದರಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಲಕ್ಷಣವೇ ಇಲ್ಲದೆ ಬಲ ಧಮನಿಯಲ್ಲಿ ಇಂಥದ್ದು ಕಂಡಾಗ ಮಾತ್ರ ಏನು ಮಾಡಬೇಕೆಂದು ನಾವು ಈಗಲೂ ಚರ್ಚಿಸುತ್ತೇವೆ.

ಗೋಡೆಯೊಳಗಿನ ಭಾಗ ಇಷ್ಟು ಉದ್ದವಿದ್ದರೆ, ಸರ್ಜನ್ ಮಹಾಧಮನಿಯನ್ನು ತೆರೆದು ಒಳಗಿನಿಂದಲೇ ಆ ಸುರಂಗದ ಛಾವಣಿಯನ್ನು ಕತ್ತರಿಸಿ ತೆಗೆಯುತ್ತಾರೆ. ಸೀಳು ಇದ್ದ ಜಾಗದಲ್ಲಿ ಅಗಲವಾದ ಬಾಯಿ, ಅದೂ ಸರಿಯಾದ ಸೈನಸ್‌ಗೆ ತೆರೆದುಕೊಳ್ಳುವ ಬಾಯಿ ಆಗುತ್ತದೆ. ಸುರಂಗವು ಕವಾಟದ ಎಸಳುಗಳು ಕೂಡುವ ಸಂದಿಗಿಂತ ಕೆಳಗೆ ಹಾದಿದ್ದರೆ ಆ ಸಂದಿಯನ್ನು ಬಿಡಿಸಿ ಮತ್ತೆ ಕಟ್ಟಬೇಕಾಗುತ್ತದೆ, ಕವಾಟ ಸೋರದಂತೆ ನೋಡಿಕೊಳ್ಳಬೇಕಾಗುತ್ತದೆ. ನಿಮ್ಮ ಸಿಟಿ ಚಿತ್ರಗಳ ಸಿ.ಡಿ.ಯನ್ನು ಸರ್ಜನ್ ಬಳಿಗೆ ತೆಗೆದುಕೊಂಡು ಹೋಗಿ, ವರದಿಯ ಕಾಗದ ಮಾತ್ರ ಸಾಲದು. ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇದನ್ನು ಓದುವ ಬೇರೆಯವರಿಗೂ ಗೊತ್ತಿರಲಿ ಎಂದು ಬರೆದೆ.

ಪಾಂಡವಪುರದ ದೈಹಿಕ ಶಿಕ್ಷಕ

ನಮ್ಮ ಶಾಲೆಯ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಅಂಕಣ ಶುರು ಮಾಡಿದ್ದೇನೆ. ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದ ಮಗುವಿನ ಹೆಸರು, ತಾರೀಖು, ಓಡುತ್ತಿದ್ದಾಗಲೋ ನಿಂತ ಮೇಲೋ ಎಂಬ ವಿವರ. ಮೇಷ್ಟ್ರ ಮಗಳು ಮತ್ತೆ ಓಡಬಲ್ಲಳೇ?

ಮಕ್ಕಳ ಹೃದ್ರೋಗ ವೈದ್ಯ

ಓಡಬಲ್ಲಳು. ಕನಿಷ್ಠ ಮೂರು ತಿಂಗಳು ಬಿಡುವು, ಆಮೇಲೆ ಸಿಟಿ ಅಥವಾ ಎಂಆರ್‌ಐನಲ್ಲಿ ಹೊಸ ಬಾಯಿಯ ಚಿತ್ರ, ನಂತರ ದಣಿಯುವವರೆಗೆ ಓಡಿಸುವ ಪರೀಕ್ಷೆ. ಅವೆಲ್ಲ ಸರಿಯಾಗಿದ್ದು, ಎದೆಯಲ್ಲಿ ಏನೂ ಅನ್ನಿಸದಿದ್ದರೆ ನಿಧಾನವಾಗಿ ಶುರು ಮಾಡಬಹುದು. ಆ ಅಂಕಣ ಮಾಡಿದ್ದಕ್ಕೆ ನಿಮಗೆ ವಂದನೆ. ಓಡುತ್ತಿದ್ದಾಗಲೋ ನಿಂತ ಮೇಲೋ ಎಂಬುದು ವಾರ ಕಳೆದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಮದ್ದೂರಿನ ಮೇಷ್ಟ್ರು

ಐದು ತಿಂಗಳಾಯಿತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಎದೆಯ ಗಾಯ ಒಣಗಿದೆ, ಕವಾಟ ಸೋರುತ್ತಿಲ್ಲ. ಹೋದ ವಾರದ ಪರೀಕ್ಷೆಯಲ್ಲಿ ಹದಿಮೂರು ನಿಮಿಷ ಓಡಿದಳು. ಸದ್ಯಕ್ಕೆ ಓವಲ್ ಮೈದಾನದಲ್ಲಿ ನಡಿಗೆ ಮತ್ತು ನಿಧಾನದ ಓಟ ಮಾತ್ರ, ಬೆಟ್ಟದ ಮೆಟ್ಟಿಲು ಇನ್ನೂ ಬೇಡವೆಂದಿದ್ದಾರೆ.

ಇಂಥ ದೋಷ ಅಪರೂಪಕ್ಕೆ ಒಂದೇ ಮನೆಯ ಇಬ್ಬರಲ್ಲಿ ಕಂಡಿರುವುದುಂಟು ಎಂದು ವೈದ್ಯರು ಹೇಳಿದ್ದರಿಂದ, ನಿನ್ನೆ ಅವಳ ತಮ್ಮನಿಗೂ ಎಕೋ ಮಾಡಿಸಿದೆವು. ಹನ್ನೊಂದು ವರ್ಷದ ಹುಡುಗ, ಜೆಲ್ ತಣ್ಣಗಿದೆ ಎಂದು ನಗುತ್ತ ಹೊರಳಾಡುತ್ತಿದ್ದ. ಎಕೋ ಮಾಡಿದ ಹೆಣ್ಣುಮಗಳು ಬೇಸರಿಸದೆ ಇಪ್ಪತ್ತು ನಿಮಿಷ ಹುಡುಕಿ, ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ನಾಲ್ಕು ಗಂಟೆಯ ಜಾಗದಲ್ಲಿ ಒಂದು, ಹನ್ನೊಂದು ಗಂಟೆಯ ಜಾಗದಲ್ಲಿ ಒಂದು, ಎರಡರಲ್ಲೂ ಬಣ್ಣ ಹರಿಯುವುದನ್ನು ತೋರಿಸಿದರು. ವರದಿಯ ಮೂರನೆಯ ಸಾಲಿನಲ್ಲಿ ಅದನ್ನು ಬರೆದೂ ಕೊಟ್ಟಿದ್ದಾರೆ.